ಕಡಲ ಕಡೆಯಿಂದ ಬಂದ ಗೆರ್ದಾ

ಓಲಂಡ್ ದ್ವೀಪದ ತೆಂಕಣ ಊರುಗಳಿಗೆಲ್ಲ ಅವಳು ಹಾಲಿನ ಲಾರಿಯ ಗೆರ್ದಾ. ಕೊಟ್ಟಿಗೆಯಿಂದ ಕೊಟ್ಟಿಗೆಗೆ ಲಾರಿ ಓಡಿಸುತ್ತಲೇ ಅವಳ ತಲೆ ಬೆಳ್ಳಗಾಯಿತು. ಆಮೇಲೆ ಕಣ್ಣು ಮಂಕಾಯಿತು, ಲೈಸೆನ್ಸು ಹೋಯಿತು. ರಸ್ತೆಯ ಮೇಲೆ ನಿಂತರೆ ಯಾವ ಮನೆ ಯಾರದೆಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದಳು. ಆದರೆ ಆ ಮನೆಗಳ ಹಿಂದೆ ಕಡಲಿನವರೆಗೂ ಹಬ್ಬಿದ್ದ ಹೊಲ, ಹುಲ್ಲುಗಾವಲುಗಳಲ್ಲಿ ಕಾಲಿಟ್ಟವಳೇ ಅಲ್ಲ.

ಅದು ಸರ್ಕಾರ ಕಾಪಾಡಿಕೊಂಡು ಬಂದ ನೆಲ. ಹಳೆಯ ಕಲ್ಲುಗೋಡೆಗಳ ಒಂದು ಕಲ್ಲನ್ನೂ ಅಲ್ಲಿ ಕದಲಿಸುವಂತಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡು ಅದನ್ನು ನಡೆದು ನೋಡಲು ಬರುವವರನ್ನು ಕಂಡು ಗೆರ್ದಾ, "ಇವ್ರಿಗೆ ಮನೇಲಿ ಕೆಲ್ಸ ಇಲ್ವಾ?" ಎಂದು ಲಾರಿಯಲ್ಲಿ ಕೂತು ನಗುತ್ತಿದ್ದಳು. ಈಗ ಅವಳಿಗೇ ಮನೆಯಲ್ಲಿ ಕೆಲಸವಿರಲಿಲ್ಲ. ಮೇ ತಿಂಗಳ ಒಂದು ಬೆಳಗ್ಗೆ ಬೂಟು ಹಾಕಿಕೊಂಡು ಹೊರಟೇಬಿಟ್ಟಳು.

ಕಡಲಂಚು ಮುಟ್ಟುವ ಹೊತ್ತಿಗೆ ಮಂಜು ಕವಿಯಿತು. ಒಂದು ಗೋಡೆಯನ್ನು ಹಿಡಿದು ನಡೆದರೆ ಇನ್ನೊಂದು ಗೋಡೆ ಅಡ್ಡ ಬಂತು. ಗೇಟು ದಾಟಿದಳು; ಮತ್ತೊಂದು ಗೇಟು. ಅಲೆಗಳ ಸದ್ದು ಒಮ್ಮೆ ಎಡಕ್ಕೆ, ಒಮ್ಮೆ ಬೆನ್ನಿಗೆ. ಎಲ್ಲಿಂದಲೋ ಬಂದ ನಾಲ್ಕಾರು ಕಡಸುಗಳು ಅವಳ ಹಿಂದೆಯೇ ನಡೆಯತೊಡಗಿದವು.

"ನನ್ ಹಿಂದೆ ಯಾಕ್ರೇ ಬರ್ತೀರಾ? ನೀವು ಮುಂದೆ ನಡೀರಿ, ನಾನು ಬರ್ತೀನಿ" ಎಂದು ಗದರಿದಳು. ಅವು ನಿಂತು ಅವಳ ಮುಖವನ್ನೇ ನೋಡಿದವು.

ಕೊನೆಗೆ ಒಂದು ಮನೆಯ ಹಿತ್ತಲು ಕಂಡಿತು. ಯಾವ ಮನೆಯೋ ತಿಳಿಯಲಿಲ್ಲ. ಬಾಗಿಲು ತಟ್ಟಿದಳು.

"ಕ್ಷಮಿಸಿ, ಇದು ಯಾವ ಊರು?"

ಬಾಗಿಲು ತೆರೆದವನು ಅವಳ ತಮ್ಮ ಫೋಲ್ಕೆ. ಮದುವೆಯಾದ ಮೇಲೆ ಹೆಂಡತಿಯ ಊರಿನಲ್ಲೇ ಬೇಸಾಯ ಹಿಡಿದವನು. ಅಕ್ಕತಮ್ಮಂದಿರ ನಡುವೆ ಮಾತು ನಿಂತು ಎಷ್ಟೋ ವರ್ಷಗಳಾಗಿದ್ದವು. ಅವಳ ಲಾರಿ ಬಂದರೆ ಕೊಟ್ಟಿಗೆಯ ಬಾಗಿಲು ತೆರೆದಿಟ್ಟು ಮನೆಯೊಳಗೆ ಹೋಗಿಬಿಡುತ್ತಿದ್ದ.

"ತಮಾಷೆ ಮಾಡಕ್ಕೆ ಬಂದ್ಯಾ, ಗೆರ್ದಾ? ಇಲ್ಲ ತಲೆಗಿಲೆ ಕೆಡ್ತಾ?"

"ನೀನ್ಯಾಕೆ ಇಲ್ಲಿದೀಯ?"

"ನನ್ ಮನೇಲಿ ನಾನಿರದೆ ಇನ್ಯಾರು ಇರ್ತಾರೆ?"

ಅವಳ ಬಟ್ಟೆ ಮಂಜಿಗೆ ಒದ್ದೆಯಾಗಿದ್ದನ್ನು ಕಂಡು ಅವನು ದಾರಿ ಬಿಟ್ಟ. ಒಲೆಯ ಮೇಲೆ ಹಂದಿಮಾಂಸ ತುಂಬಿದ ಆಲೂಗಡ್ಡೆ ಕಡುಬು ಬೇಯುತ್ತಿತ್ತು. ಒಂದನ್ನು ತಟ್ಟೆಗೆ ಹಾಕಿ ಅವಳ ಮುಂದೆ ಇಟ್ಟ.

"ಗೋಡೆ ವಿಷ್ಯ ಕಚೇರಿಗೆ ಹೇಳಿದ್ದು ನೀನೇ ತಾನೆ?"

"ಯಾವ ಗೋಡೆ?"

"ಟ್ರ್ಯಾಕ್ಟರ್ ಹೋಗ್ಲಿ ಅಂತ ಒಡೆದಿದ್ನಲ್ಲ. ಅವ್ರು ಬಂದು ನನ್ ಕೈಲೇ ಮತ್ತೆ ಕಟ್ಸಿದ್ರು."

"ದೇವರಾಣೆ ನಂಗೊತ್ತಿಲ್ಲ ಕಣೋ. ಅಮ್ಮನ ಗಡಿಯಾರ ನಾನಿಟ್ಕೊಂಡೆ ಅಂತ ನಿಂಗೆ ಸಿಟ್ಟು ಅಂದ್ಕೊಂಡಿದ್ದೆ."

"ಯಾವ ಗಡಿಯಾರ?"

ಇಷ್ಟು ವರ್ಷ ಹೊತ್ತು ತಿರುಗಿದ ಕೋಪವನ್ನು ಈಗ ಎಲ್ಲಿಡಬೇಕೆಂದು ಗೆರ್ದಾಗೆ ತಿಳಿಯಲಿಲ್ಲ. ನಗಬೇಕೋ ಅಳಬೇಕೋ, ಅದೂ ತಿಳಿಯಲಿಲ್ಲ. ಕಡುಬು ತಿಂದಳು.

ಮಂಜು ಸರಿದ ಮೇಲೆ ಫೋಲ್ಕೆ ಬಸ್ಸಿನ ತನಕ ಬಂದ. ಬಾಗಿಲು ಮುಚ್ಚುವಾಗ ಏನೋ ಅಂದ. ಬಸ್ಸಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಆದರೂ ಹೂಂ ಎಂದು ತಲೆಯಾಡಿಸಿದಳು. ಯಾವುದಕ್ಕೆ ಒಪ್ಪಿಕೊಂಡೆನೋ ಎಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡಳು.

ಶನಿವಾರ ಬೆಳಗ್ಗೆ ಮನೆಯ ಮುಂದೆ ಹಾರನ್ ಸದ್ದಾಯಿತು. ಕಾರಿನಲ್ಲಿ ಫೋಲ್ಕೆ.

"ಇನ್ನೂ ರೆಡಿ ಆಗಿಲ್ವಾ?"

"ಎಲ್ಲಿಗೋ?"

"ಕಡಲಂಚಿಗೆ, ನಡೆಯಕ್ಕೆ. ಅವತ್ತು ಹೂಂ ಅಂದ್ಯಲ್ಲ!"

"ಅಂದ್ನಲ್ಲ, ಅಂದೆ" ಎಂದ ಗೆರ್ದಾ ಬೂಟು ಹುಡುಕಲು ಒಳಗೆ ಓಡಿದಳು.