ಅವರ ಹತ್ತು ನಿಮಿಷದಲ್ಲಿ ನಾನು ತಿಂದ ಏಳು

ಹ್ಯೂಸ್ಟನ್ನಿನ ಕನ್ನಡದವರಿಗೆ ನನ್ನ ಮುಖಕ್ಕಿಂತ ನನ್ನ ದನಿ ಹೆಚ್ಚು ಪರಿಚಯ. ಇಪ್ಪತ್ತೆರಡು ವರ್ಷ ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮಗಳನ್ನು ನಿರೂಪಣೆ ಮಾಡಿದ್ದೇನೆ. ಡಾಲಸ್‌ನವರೂ ಆಸ್ಟಿನ್‌ನವರೂ ದೊಡ್ಡ ಸಮಾರಂಭಗಳಿಗೆ ಕರೆಸಿಕೊಳ್ಳುತ್ತಿದ್ದರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹೆಂಡತಿಗೆ ಈ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಾಗ ಅವಳ ಜೊತೆ ಬಂದವನು, ನಿವೃತ್ತನಾಗುವವರೆಗೂ ಒಂದು ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸಿದೆ. ವೇದಿಕೆಯ ಮುಂದೆ ಕೂತವರೆಲ್ಲ ಇಂಜಿನಿಯರುಗಳು, ಡಾಕ್ಟರುಗಳು. ಅವರು ನನ್ನ ಮಾತಿಗೆ ಚಪ್ಪಾಳೆ ತಟ್ಟಿದಾಗ ಆಗುತ್ತಿದ್ದ ಹಿಗ್ಗನ್ನು ಯಾರಲ್ಲೂ ಹೇಳಿಕೊಂಡಿರಲಿಲ್ಲ. ಒಬ್ಬ ಹೆಣ್ಣುಮಗಳಿಗೆ ನಾನು ಮಾಡಿದ ಅನ್ಯಾಯ ಆ ಹಿಗ್ಗಿನಿಂದಲೇ ಹುಟ್ಟಿದ್ದು. ಅದಕ್ಕೇ ಈಗ ಹೇಳುತ್ತಿದ್ದೇನೆ.

ಆಕೆ ಹುಬ್ಬಳ್ಳಿ ಕಡೆಯವರು. ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ಗ್ರಂಥಾಲಯದ ಒಂದು ಕೋಣೆಯಲ್ಲಿ ಸಂಘದ ಪರವಾಗಿ ಎಂಟು ವರ್ಷದಿಂದ ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದರು. ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಸ್ಪ್ಯಾನಿಷ್, ಫ್ರೆಂಚ್ ಕಲಿತ ಮಕ್ಕಳಿಗೆ ಹೈಸ್ಕೂಲಿನಲ್ಲಿ ಕ್ರೆಡಿಟ್, ಅಂದರೆ ಪಾಸಾಗಲು ಲೆಕ್ಕಕ್ಕೆ ಬರುವ ಅಂಕ, ಸಿಗುವ ಹಾಗೆ ಕನ್ನಡ ಕಲಿತವರಿಗೂ ಸಿಗಬೇಕೆಂಬುದು ಅವರ ಆಸೆ. ಅದಕ್ಕೆ ಶಾಲಾ ಮಂಡಳಿ ಒಪ್ಪಬೇಕು. ಒಂದು ವರ್ಷ ಪತ್ರ ಬರೆದು ಬರೆದು, ಕೊನೆಗೆ ಮಂಡಳಿಯ ಸಭೆಯಲ್ಲಿ ಹತ್ತು ನಿಮಿಷ ಪಡೆದರು. ಟೀಚರ್, ಅವರ ತರಗತಿಯ ಒಬ್ಬ ಹೈಸ್ಕೂಲ್ ಹುಡುಗಿ, ನಾನು, ಇಷ್ಟು ಜನ ಹೋಗುವುದೆಂದಾಯಿತು. ಹಿರಿಯರೆಂದು ನನಗೆ ಸ್ವಾಗತದ ಮಾತು ಕೊಟ್ಟಿದ್ದರು.

ನಾಲ್ಕು ಶನಿವಾರ ಅವರ ಮನೆಯ ಊಟದ ಮೇಜಿನ ಸುತ್ತ ಕೂತೆವು. ಅವರು ಸ್ಲೈಡ್ ಮಾಡುವ ಮೊದಲು ಸಣ್ಣ ಕಾರ್ಡುಗಳನ್ನು ಹರಡಿದರು. ಒಂದು ಕಾರ್ಡಿಗೆ ಒಂದೇ ವಿಷಯ.

"ಮೊದಲು ಕೇಳಾವ್ರು ಯಾರು ಅಂತ ಬರಕೊಳ್ಳೋಣ್ರಿ ಅಂಕಲ್" ಎಂದರು. ಮಂಡಳಿಯ ಹಿಂದಿನ ಮೂರು ಸಭೆಗಳ ವಿಡಿಯೋ ಅವರು ಆಗಲೇ ನೋಡಿ ಮುಗಿಸಿದ್ದರು. ಏಳು ಜನ ಸದಸ್ಯರು. ಒಬ್ಬಾಕೆ ಯಾವ ವಿಷಯ ಬಂದರೂ ಕೆಲಸದ ಹೊರೆ ಯಾರ ಮೇಲೆ ಬೀಳುತ್ತದೆ ಎಂದು ಕೇಳುತ್ತಾಳೆ. ಇನ್ನೊಬ್ಬನಿಗೆ ನಿಯಮ ಬೇಕು. ಮತ್ತೊಬ್ಬ ಐದು ನಿಮಿಷವಾದರೆ ಕುರ್ಚಿಯಲ್ಲಿ ಹೊರಳಾಡುತ್ತಾನೆ. ಇದನ್ನೆಲ್ಲ ಅವರು ಪಟ್ಟಿ ಮಾಡಿಟ್ಟುಕೊಂಡಿದ್ದರು.

ನನಗೆ ಅದು ಅತಿಯೆನಿಸಿತು. "ಅದೆಲ್ಲ ಬಿಡಮ್ಮಾ. ಕನ್ನಡಕ್ಕೆ ಎರಡು ಸಾವಿರ ವರ್ಷದ ಇತಿಹಾಸ ಇದೆ ಅಂತ ಶುರು ಮಾಡು. ಅವ್ರ ಮೈ ಜುಮ್ ಅನ್ಬೇಕು" ಎಂದೆ.

"ಜುಮ್ ಅಂದ್ರ ವೋಟ್ ಹಾಕ್ತಾರೇನ್ರಿ?"

ಹುಡುಗಿ ಕಿಸಕ್ಕನೆ ನಕ್ಕಳು. ಟೀಚರೂ ನಕ್ಕರು. "ಹಂಗಲ್ರಿ ಅಂಕಲ್. ಪರೀಕ್ಷಾ ಯಾರು ಮಾಡ್ತಾರ, ಪೇಪರ್ ಯಾರು ತಿದ್ದತಾರ, ಅದು ಬೇಕ್ರಿ ಅವ್ರಿಗೆ. ನಮಗ ಹೆಮ್ಮೆ ಅನಸೂದು ಬ್ಯಾರೆ, ಅವ್ರಿಗೆ ಬೇಕಾದ್ದು ಬ್ಯಾರೆ."

ಅಡುಗೆಮನೆಯ ಟೈಮರ್ ತಂದಿಟ್ಟರು. ನನಗೆ ಅರ್ಧ ನಿಮಿಷ, ಹುಡುಗಿಗೆ ಎರಡು, ತಮಗೆ ಐದು. ಉಳಿದದ್ದು ಸದಸ್ಯರ ಪ್ರಶ್ನೆಗಳಿಗೆ. ಹುಡುಗಿ ತನ್ನ ಎರಡು ನಿಮಿಷವನ್ನು ಆರು ಸಲ ಹೇಳಿ ಒಪ್ಪಿಸಿದಳು. ನನ್ನ ಸರದಿ ಬಂದಾಗ "ಇಪ್ಪತ್ತೆರಡು ವರ್ಷ ಮೈಕ್ ಹಿಡ್ದಿದೀನಿ ಕಣಮ್ಮಾ, ನನಗೇನು ರಿಹರ್ಸಲ್?" ಎಂದು ಕಾಫಿ ಲೋಟ ಎತ್ತಿಕೊಂಡೆ. ಅರ್ಧ ನಿಮಿಷ ಎಂಬ ಮಾತು ನನ್ನನ್ನು ಚುಚ್ಚಿತ್ತು. ಬಾಗಿಲು ತೆರೆಯುವ ಆಳಿನ ಪಾತ್ರ ಕೊಟ್ಟ ಹಾಗಾಗಿತ್ತು.

ಸಭೆಗೆ ಎರಡು ದಿನ ಮುಂಚೆ ಡಾಲಸ್‌ನಲ್ಲಿ ನಿರೂಪಣೆ ಮಾಡಿ ಬಂದಿದ್ದೆ. ಅಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ವಾಪಸು ಬರುವ ದಾರಿಯುದ್ದಕ್ಕೂ ಅದೇ ಕಿವಿಯಲ್ಲಿತ್ತು. ಮನೆಗೆ ಬಂದವನೇ ಬೀರುವಿನಿಂದ ಹೊಸ ಮೈಸೂರು ಪೇಟ, ಒಂದು ಶಾಲು, ಗಂಧದ ಹಾರ ತೆಗೆದು ಚೀಲಕ್ಕೆ ಹಾಕಿಟ್ಟೆ. ಯಾರಿಗೂ ಹೇಳಲಿಲ್ಲ.

ಸಭೆಯಲ್ಲಿ ಮೈಕಿನ ಪಕ್ಕ ಒಂದು ಪುಟ್ಟ ದೀಪವಿತ್ತು. ಮಾತು ಶುರುವಾದಾಗ ಹಸಿರು, ಸಮಯ ಮುಗಿಯುತ್ತ ಬಂದಾಗ ಹಳದಿ, ಮುಗಿದಾಗ ಕೆಂಪು. ನಾನು ನಿಂತು ನಮ್ಮ ಕ್ರಮದಂತೆ ಏಳೂ ಸದಸ್ಯರ ಹೆಸರು ಹಿಡಿದು, ಒಬ್ಬೊಬ್ಬರಿಗೂ ಎರಡೆರಡು ವಿಶೇಷಣ ಸೇರಿಸಿ ವಂದಿಸಿದೆ. ಕಾರ್ಯದರ್ಶಿಗೆ ವಂದಿಸಿದೆ. ಬಾಗಿಲಲ್ಲಿದ್ದ ಕಾವಲಿನವನನ್ನೂ ಬಿಡಲಿಲ್ಲ. ಆಮೇಲೆ, ಅತಿಥಿ ಸತ್ಕಾರವಿಲ್ಲದೆ ನಮ್ಮಲ್ಲಿ ಯಾವ ಕೆಲಸವೂ ಆರಂಭವಾಗುವುದಿಲ್ಲ ಎಂದು ಹೇಳಿ, ಚೀಲ ಹಿಡಿದು ಅಧ್ಯಕ್ಷರ ಬಳಿಗೇ ಹೋದೆ.

ಅಧ್ಯಕ್ಷರು ಕುರ್ಚಿ ಹಿಂದಕ್ಕೆ ತಳ್ಳಿ, ಬೇಡ ಬೇಡ ಎಂದು ಕೈ ಅಡ್ಡ ಹಿಡಿದರು. ನಮ್ಮಲ್ಲಿ ಸನ್ಮಾನ ಮಾಡಿಸಿಕೊಳ್ಳುವವರು ಮೊದಲು ಬೇಡ ಎನ್ನುತ್ತಾರೆ, ಮಾಡುವವರು ಒತ್ತಾಯಿಸುತ್ತಾರೆ, ಅದು ಮರ್ಯಾದೆ. ಹಾಗೆಂದೇ ತಿಳಿದು ಪೇಟ ತೊಡಿಸಿಬಿಟ್ಟೆ. ಹಾರ ಹಾಕಿ ಶಾಲು ಹೊದಿಸುವಾಗ ಮಂಡಳಿಯ ವಕೀಲರು ಎದ್ದು ಬಂದು, ತೀರ್ಮಾನ ಬಾಕಿಯಿರುವ ವಿಷಯದಲ್ಲಿ ಸದಸ್ಯರು ಉಡುಗೊರೆ ತೆಗೆದುಕೊಳ್ಳುವಂತಿಲ್ಲ ಎಂದರು. ಪೇಟ, ಶಾಲು, ಹಾರ ಮೂರನ್ನೂ ವಾಪಸು ಕೊಟ್ಟಿದ್ದೇವೆಂದು ದಾಖಲೆಯಲ್ಲಿ ಬರೆಸಿದರು. ಯಾರೋ ನಕ್ಕರು. ನನ್ನನ್ನು ಮೆಚ್ಚಿ ನಕ್ಕರೆಂದುಕೊಂಡೆ.

ನಾನು ಕೂತಾಗ ಮೂರು ನಿಮಿಷ ಉಳಿದಿತ್ತು. ಹುಡುಗಿ ತನ್ನ ಹಾಳೆಯನ್ನು ಮಡಚಿ ಜೇಬಿಗಿಟ್ಟು ಟೀಚರಿಗೆ ದಾರಿ ಬಿಟ್ಟಳು. ನಡುವೆ ಒಬ್ಬ ಸದಸ್ಯ ಏನೋ ಕೇಳಿದ, ಅದಕ್ಕೆ ಉತ್ತರಿಸಿ ಟೀಚರ್ ಎರಡನೇ ಸ್ಲೈಡ್ ಮುಗಿಸುವಷ್ಟರಲ್ಲಿ ಕೆಂಪು ಬಂತು. ಪರೀಕ್ಷೆ ಯಾರು ಮಾಡುತ್ತಾರೆಂಬುದು ಆರನೇ ಸ್ಲೈಡಿನಲ್ಲಿತ್ತು. ಪರೀಕ್ಷೆಯ ವಿವರವೇ ಇಲ್ಲ, ಸರಿಯಾಗಿ ಸಿದ್ಧವಾದ ಮೇಲೆ ಬನ್ನಿ ಎಂದು ಅಧ್ಯಕ್ಷರು ಹೇಳಿದರು. ದಿನ ಕೊಡಲಿಲ್ಲ.

ಪಾರ್ಕಿಂಗಿನಲ್ಲಿ ಟೀಚರ್ ನನಗೆ ಅಂದದ್ದು ಇಷ್ಟೇ: "ಹೋಗ್ಲಿ ಬಿಡ್ರಿ ಅಂಕಲ್."

ಇಲ್ಲಿಗೆ ಮುಗಿದಿದ್ದರೆ ಇದು ಒಬ್ಬ ಮುದುಕನ ಪೆದ್ದುತನವಾಗಿ ಉಳಿಯುತ್ತಿತ್ತು. ಮುಂದಿನ ವಾರ ಹ್ಯೂಸ್ಟನ್ನಿಗೆ ಅಂಟಿಕೊಂಡಂತಿರುವ ಮಿಸೌರಿ ಸಿಟಿಯಲ್ಲಿ ಸಂಘದ ಸಮಿತಿ ಸೇರಿತು. ಟೀಚರ್ ಬಂದಿರಲಿಲ್ಲ. "ಏನಾಯ್ತು ಅಂಕಲ್?" ಎಂದು ಎಲ್ಲರೂ ನನ್ನನ್ನೇ ಕೇಳಿದರು.

"ಏನ್ ಹೇಳ್ಲಿ ಕಣ್ರೀ. ಎರಡನೇ ಸ್ಲೈಡ್‌ಗೇ ಟೈಮ್ ಮುಗೀತು. ಪರೀಕ್ಷೆ ವಿಷ್ಯ ಹೇಳ್ಲೇ ಇಲ್ಲ. ರೆಡಿಯಾಗಿ ಬನ್ನಿ ಅಂತ ಅಧ್ಯಕ್ಷರೇ ಅಂದ್ರು."

ಇದರಲ್ಲಿ ಒಂದು ವಾಕ್ಯವೂ ಸುಳ್ಳಲ್ಲ. ಮೂರೂ ಸೇರಿದರೆ ಸುಳ್ಳು. ಯಾವುದನ್ನು ಹೇಳಿ ಯಾವುದನ್ನು ಬಿಟ್ಟರೆ ಜನ ಏನು ತಿಳಿಯುತ್ತಾರೆಂಬುದು ನಿರೂಪಕನಿಗೆ ಚೆನ್ನಾಗಿ ಗೊತ್ತಿರುತ್ತದೆ. ಹುಡುಗಿಯನ್ನು ಯಾರೂ ಕೇಳಲಿಲ್ಲ. ಟೀಚರ್ ತಯಾರಿಲ್ಲದೆ ಹೋಗಿ ಕನ್ನಡದ ಮರ್ಯಾದೆ ಕಳೆದರು ಎಂಬ ಮಾತು ಊರೆಲ್ಲ ಹರಡಿತು. ತರಗತಿಯ ಹೊಣೆಯನ್ನು ಸಮಿತಿ ಬೇರೆಯವರಿಗೆ ವಹಿಸಿತು. ಕೆಲವರು ಮಕ್ಕಳನ್ನು ಬಿಡಿಸಿದರು. ಟೀಚರ್ ಯಾರಿಗೂ ಏನೂ ವಿವರಿಸಲಿಲ್ಲ. ಅವರ ಗಂಡನಿಗೆ ಆಸ್ಟಿನ್ ಬಳಿಯ ಟೇಲರ್ ಎಂಬ ಊರಿನ ಚಿಪ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅವರು ಅಲ್ಲಿಗೇ ಶಿಫ್ಟ್ ಆದರು.

ಒಂದೂವರೆ ವರ್ಷದ ಮೇಲೆ ಒಂದು ಮಧ್ಯಾಹ್ನ ಮನೆಗೆ ಬಂದ ಗೆಳೆಯನೊಬ್ಬ "ಅಮೆರಿಕದವ್ರಿಗೆ ಪೇಟ ಹಾಕಿದ್ರಂತಲ್ಲ, ತೋರಿಸ್ರೀ" ಎಂದ. ಮಂಡಳಿಯ ಸಭೆಗಳ ವಿಡಿಯೋ ಯಾರು ಬೇಕಾದರೂ ನೋಡಬಹುದು. ನಾನೇ ಹುಡುಕಿ ಟಿವಿಗೆ ಹಾಕಿದೆ. ಹೆಂಡತಿಯೂ ಬಂದು ಕೂತಳು.

ನಾನು ಮಾತಾಡುತ್ತಲೇ ಇದ್ದೆ. ನನ್ನ ಹಿಂದೆ ಟೀಚರ್ ಕಾಣುತ್ತಿದ್ದರು. ಕೈಯಲ್ಲಿದ್ದ ಕಾರ್ಡುಗಳಿಂದ ಒಂದನ್ನು ತೆಗೆದು ಕೆಳಗಿಟ್ಟರು. ನಾನು ಕಾವಲಿನವನಿಗೆ ವಂದಿಸುವಾಗ ಇನ್ನೊಂದು. ಪೇಟ ತೊಡಿಸುವಾಗ ಎರಡು. ನಾನು ತಿನ್ನುತ್ತಿದ್ದ ಸಮಯಕ್ಕೆ ಸರಿಯಾಗಿ ಅವರು ತಮ್ಮ ಮಾತನ್ನು ಕಡಿಮೆ ಮಾಡಿಕೊಳ್ಳುತ್ತಿದ್ದರು, ಯಾವುದನ್ನು ಬಿಟ್ಟರೆ ಇನ್ನೂ ಅರ್ಥವಾದೀತು ಎಂದು ಯೋಚಿಸುತ್ತಾ. ಕೊನೆಗೆ ಕೈಯಲ್ಲಿ ಮೂರೇ ಉಳಿದವು; ಮೂರನೆಯದು ಪರೀಕ್ಷೆಯದೇ ಇರಬೇಕು, ಅದನ್ನು ಹೇಳುವ ಮೊದಲೇ ಕೆಂಪು ಬಂತು. ಗೆಳೆಯ ಪೇಟ ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದ.

ಅವನು ಹೋದ ಮೇಲೆ ಹೆಂಡತಿ ಕೇಳಿದಳು: "ಟೀಚರ್ ತಯಾರಾಗಿ ಬಂದಿರ್ಲಿಲ್ಲ ಅಂದ್ರಲ್ಲ ನೀವು?"

ಮರುದಿನವೇ ಟೇಲರ್‌ಗೆ ಹೋದೆವು. ಅವಳೇ ಡ್ರೈವ್ ಮಾಡಿದಳು. ಟೀಚರ್ ಚಹಾ ಮಾಡಿದರು, ಮೊಮ್ಮಕ್ಕಳ ಬಗ್ಗೆ ಕೇಳಿದರು. ನಾನು ತಪ್ಪಾಯಿತು ಎಂದೆ. ಸಮಿತಿಯಲ್ಲಿ ಏನು ಹೇಳಿದ್ದೆನೆಂಬುದನ್ನೂ ಹೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟರು.

"ನನ್ನ ಮುಂದ ಹೇಳಿದ್ರ ಏನು ಬಂತ್ರಿ ಅಂಕಲ್? ನನಗ ಗೊತ್ತಿದ್ದದ್ದನ್ನ ನನಗ ಹೇಳಾಕತ್ತೀರಿ. ಗೊತ್ತಿಲ್ಲದಾವ್ರು ಹ್ಯೂಸ್ಟನ್ನಿನಾಗ ಅದಾರ."

"ಯುಗಾದಿ ಕಾರ್ಯಕ್ರಮದಲ್ಲಿ ಹೇಳ್ತೀನಮ್ಮಾ. ಹೇಗೆ ಹೇಳ್ಬೇಕು ಅಂತ ನೀನೇ ಸ್ವಲ್ಪ ಬರ್ಕೊಡು."

"ಅದನ್ನ ನೀವ ಬರೀಬೇಕ್ರಿ" ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಜೀವನದಲ್ಲಿ ಮೊದಲ ಸಲ ನಾನು ಒಂದು ಮಾತಿಗೆ ತಯಾರಿ ಮಾಡಿದೆ. ಮೊದಲ ಪ್ರತಿ ಐದು ಪುಟವಾಯಿತು. ಅದರಲ್ಲಿ ನನ್ನ ಬಡತನವಿತ್ತು, ಗೋದಾಮು ಇತ್ತು, ಓದಲಾಗದ ನೋವಿತ್ತು. ಹೆಂಡತಿ ಓದಿ, "ಇದನ್ನ ಕೇಳಿದ್ರೆ ಜನಕ್ಕೆ ನಿಮ್ಮ ಮೇಲೆ ಪಾಪ ಅನ್ಸತ್ತೆ. ಅದಕ್ಕೇ ಬರ್ದಿದ್ದಾ?" ಎಂದಳು. ಹೌದು, ಅದಕ್ಕೇ ಬರೆದಿದ್ದೆ. ಮತ್ತೆ ಕೂತು, ಕೇಳುವವರು ಯಾರು, ಅವರಿಗೆ ಏನು ತಿಳಿಯಬೇಕು ಎಂದು ಬರೆದುಕೊಂಡೆ. ಕೇಳುವವರು ನನ್ನನ್ನು ನಂಬಿದವರು. ತಿಳಿಯಬೇಕಾದದ್ದು ಮೂರು ಸಂಗತಿ: ಟೀಚರ್ ಪೂರ್ತಿ ತಯಾರಾಗಿ ಬಂದಿದ್ದರು, ಅವರ ಸಮಯ ನಾನು ತಿಂದೆ, ಆಮೇಲೆ ನಿಮ್ಮನ್ನು ದಾರಿ ತಪ್ಪಿಸಿದೆ. ನನ್ನ ಬಗ್ಗೆ ಬರೆದ ಒಂದೊಂದು ಸಾಲನ್ನು ಹೊಡೆದು ಹಾಕುವಾಗಲೂ ಕೈ ಹಿಂದೇಟು ಹಾಕಿತು. ಐದನೇ ಪ್ರತಿ ಅರ್ಧ ಪುಟಕ್ಕೆ ಬಂತು. ಅದನ್ನು ಹಿತ್ತಲಿನಲ್ಲಿ ನಿಂತು ದಿನಾ ಹೇಳಿಕೊಂಡೆ.

ಯುಗಾದಿಯಂದು ಆ ಅರ್ಧ ಪುಟ ಹೇಳಿದೆ. ಚಪ್ಪಾಳೆ ಬರಲಿಲ್ಲ. ಮುಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತು, "ಅಂಕಲ್, ನಿಮ್ಮ ಮಾತು ಕೇಳಿ ನನ್ನ ಮಗಳನ್ನ ಕ್ಲಾಸ್ ಬಿಡಿಸ್ದೆ. ಎರಡು ವರ್ಷ ಆಯ್ತು, ಓದೋದೇ ಮರ್ತಿದಾಳೆ. ಈಗ ನಾನೇನ್ ಮಾಡ್ಲಿ ಹೇಳಿ?" ಎಂದರು.

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. "ಗೊತ್ತಿಲ್ಲ ತಾಯಿ. ಟೀಚರ್‌ಗೆ ಫೋನ್ ಮಾಡಿ" ಎಂದೆ. ಆ ವಾರ ಅವರೊಬ್ಬರೇ ಅಲ್ಲ, ಹಲವರು ಫೋನ್ ಮಾಡಿದರು. ಸಮಿತಿ ಕ್ಷಮೆ ಕೇಳಿ ಟೀಚರಿಗೆ ಪತ್ರ ಬರೆಯಿತು, ಅದರ ಪ್ರತಿಯನ್ನು ಎಲ್ಲ ಸದಸ್ಯರಿಗೂ ಕಳಿಸಿತು. ಟೀಚರ್ ಈಗ ಟೇಲರ್‌ನಿಂದಲೇ ಕಂಪ್ಯೂಟರಿನಲ್ಲಿ ಇಲ್ಲಿನ ಮಕ್ಕಳಿಗೆ ಪಾಠ ಹೇಳುತ್ತಾರೆ. ಶಾಲಾ ಮಂಡಳಿಗೆ ಮತ್ತೆ ಅರ್ಜಿ ಹೋಗಿದೆ, ಉತ್ತರ ಬಂದಿಲ್ಲ. ಹಾಳೆ ಮಡಚಿಟ್ಟ ಹುಡುಗಿ ಹೈಸ್ಕೂಲ್ ಮುಗಿಸಿ ಹೋಗಿದ್ದಾಳೆ. ಕ್ರೆಡಿಟ್ ಸಿಕ್ಕರೂ ಅವಳಿಗೆ ಸಿಗುವುದಿಲ್ಲ.

ಟೀಚರ್ ಸಿಕ್ಕಾಗ ಮಾತಾಡುತ್ತಾರೆ, ಆರೋಗ್ಯ ವಿಚಾರಿಸುತ್ತಾರೆ. ಕ್ಷಮಿಸಿದ್ದೇನೆ ಎಂದು ಅವರು ಈವರೆಗೆ ಹೇಳಿಲ್ಲ, ನಾನೂ ಕೇಳಿಲ್ಲ. ಕೇಳಿದರೆ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಹೌದು ಎಂದುಬಿಡುತ್ತಾರೆ. ಅದಕ್ಕೇ ಕೇಳುವುದಿಲ್ಲ.