ಅಳತೆ ಪುಸ್ತಕ ಮತ್ತು ಆನ್‌ಲೈನ್ ಸಹಾಯಕಿ

ನನ್ನ ತಂಗಿ ಗಂಡನಿಗೆ ಕತ್ತರಿ ಹಿಡಿಯೋಕೆ ಬರುತ್ತೆ, ಅಷ್ಟು ಒಪ್ಪಿಕೊಳ್ತೀನಿ. ಮಿಕ್ಕಿದ್ದೆಲ್ಲ ಬರೀ ಜಂಬ. ಹೊಲಿಗೆ ಅಂಗಡಿ ಅಂದ್ರೆ ಏನು ಮಹಾ? ಒಂದು ಮೇಜು, ಎರಡು ಮಿಷನ್ನು, ಮೂಲೆಯಲ್ಲಿ ಚಿಂದಿ ರಾಶಿ. ಇಷ್ಟಕ್ಕೆ ಈ ದೊರೆ ಆನ್‌ಲೈನಲ್ಲಿ ಒಬ್ಬಳು ಸಹಾಯಕಿಯನ್ನ ಇಟ್ಟ. ಅವಳು ಎಲ್ಲೋ ದೂರದ ಊರಲ್ಲಿ ತನ್ನ ಮನೆಯಲ್ಲೇ ಕೂತು ಇವನ ಗಿರಾಕಿಗಳಿಗೆ ಮೆಸೇಜ್ ಕಳಿಸ್ತಾಳಂತೆ.

ಹನ್ನೆರಡು ವರ್ಷದಿಂದ ಅಳತೆ ತಗೊಳ್ಳೋದು, ಅಂಚು ಹೊಲಿಯೋದು, ಫೋನ್ ಎತ್ತೋದು ಎಲ್ಲಾ ನನ್ನ ತಂಗಿ. ಹಾಗಾದ್ರೆ ನಾನೇನು ಮಾಡಲಿ ಅಂತ ಅವಳು ಕೇಳಿದ್ದಕ್ಕೆ, ಅಂಗಿಗಳಿಗೆ ಗುಂಡಿ ಹೊಲ್ಕೊಂಡು ಬಿದ್ದಿರು, ನಿನ್ನ ಮಾತಿಗೆ ನಾಜೂಕು ಸಾಲದು ಅಂದನಂತೆ. ಕೇಳಿ ನನಗೆ ಮೈಯೆಲ್ಲಾ ಉರಿದು ಹೋಯ್ತು.

ಸಹಾಯಕಿ ಮೊದಲ ದಿನವೇ ಗಿರಾಕಿಗಳ ಪಟ್ಟಿ ಕೇಳಿದಳು. ದೊರೆ ಅಳತೆ ಪುಸ್ತಕದ ಹಾಳೆಗಳನ್ನೆಲ್ಲ ಫೋಟೋ ಹೊಡೆದು ಕಳಿಸಿಬಿಟ್ಟ. ಅದು ತಂಗಿ ಬರೆದ ಪುಸ್ತಕ. ಒಂದೇ ಹೆಸರಿನವರು ನಾಲ್ಕು ನಾಲ್ಕು ಜನ ಬರ್ತಾರೆ ಅಂತ ಹೆಸರಿನ ಬದಲು ಗುರುತು ಬರೆಯೋದು ಅವಳ ರೂಢಿ. ‘ಡೊಳ್ಳುಹೊಟ್ಟೆ ಹೆಡ್‌ಮಾಸ್ಟರು’, ‘ಬಿಚ್ಚಿ ಬಿಚ್ಚಿ ಹೊಲಿಸೋ ನರ್ಸಮ್ಮ’, ಹೀಗೆ. ಎದುರಿಗೆ ಫೋನ್ ನಂಬರು.

ಪಾಪ, ಆ ಹುಡುಗಿಗೆ ತಲೆ ಇತ್ತು. ಸರ್, ಹೆಸರುಗಳು ಒಂಥರಾ ಇವೆ, ಹೀಗೇ ಹಾಕಲಾ ಅಂತ ಎರಡು ಸಲ ಕೇಳಿದಳು. ಆ ಪುಸ್ತಕವನ್ನ ಒಂದು ದಿನವೂ ಓದದ ಮಹಾನುಭಾವ ‘ಇದ್ದ ಹಾಗೇ ಹಾಕಮ್ಮ’ ಅಂತ ಉತ್ತರ ಕೊಟ್ಟ. ಮಾರನೇ ದಿನ ಎಂಬತ್ತು ಜನಕ್ಕೆ ಅವರವರ ಗುರುತು ಹಾಕಿಯೇ ಮೆಸೇಜ್ ಹೋಯ್ತು. ಹೆಡ್‌ಮಾಸ್ಟರಿಗೆ ಹೋಗಿದ್ದು ಹೀಗೆ: ‘ಸನ್ಮಾನ್ಯ ಡೊಳ್ಳುಹೊಟ್ಟೆ ಹೆಡ್‌ಮಾಸ್ಟರೇ, ತಮ್ಮ ಪ್ಯಾಂಟು ಸಿದ್ಧವಾಗಿದೆ.’

ನರ್ಸಮ್ಮ ಬಂದು ಹಿಗ್ಗಾಮುಗ್ಗಾ ಬೈದು ಬಟ್ಟೆ ಎತ್ತಿಕೊಂಡು ಹೋದಳು. ಹೋದ್ರೆ ಹೋಗಲಿ. ಹೆಡ್‌ಮಾಸ್ಟರ ವಿಷಯ ಹಾಗಲ್ಲ. ಅವರ ಶಾಲೆಯ ಮುನ್ನೂರು ಮಕ್ಕಳ ಸಮವಸ್ತ್ರವೇ ಆ ಅಂಗಡಿಗೆ ಅರ್ಧ ವರ್ಷದ ಅನ್ನ. ಈ ಸಲದ ಆರ್ಡರ್ ಇನ್ನೂ ಕೈಗೆ ಬಂದಿರಲಿಲ್ಲ.

ಮಧ್ಯಾಹ್ನ ಅವರೇ ಬಂದರು, ಕೈಯಲ್ಲಿ ಫೋನು. ನಾನೂ ಅಲ್ಲೇ ಕೂತಿದ್ದೆ. ಇದನ್ನ ಬರೆದವರು ಯಾರು ಅಂದರು. ದೊರೆ ಹಿಂದೆಮುಂದೆ ನೋಡದೆ ಹೆಂಡತಿ ಕಡೆ ಬೆರಳು ತೋರಿಸಿದ.

“ನನಗೇನೂ ಗೊತ್ತಿಲ್ಲ ಸರ್. ಎಲ್ಲಾ ಇವಳ ಕಿತಾಪತಿ.”

ಥೂ, ಇವನೂ ಒಬ್ಬ ಗಂಡಸೇ ಅನ್ನಿಸ್ತು.

ತಂಗಿ ಮಿಷನ್ ಬಿಟ್ಟು ಎದ್ದಳು. ಅಳಲಿಲ್ಲ, ಅಂಗಲಾಚಲಿಲ್ಲ. ಅವರ ಹತ್ತಿರ ಹೋಗಿ, ಗಂಡನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸ್ತು.

“ಬರೆದವಳು ನಾನೇ ಸರ್, ತಪ್ಪಾಯ್ತು. ಆದರೆ ನಿಮ್ಮ ಬಲಗಾಲು ಅರ್ಧ ಇಂಚು ಗಿಡ್ಡ. ಹನ್ನೆರಡು ವರ್ಷದಿಂದ ಯಾರ ಕಣ್ಣಿಗೂ ಬೀಳದ ಹಾಗೆ ಅಂಚು ಮಡಚಿ ಕೊಡ್ತಿದೀನಿ. ಅದನ್ನ ಎಲ್ಲೂ ಬರೆದಿಲ್ಲ.”

ಹೆಡ್‌ಮಾಸ್ಟರು ತಮ್ಮ ಕಾಲನ್ನೇ ನೋಡ್ತಾ ನಿಂತರು. ಆಮೇಲೆ ಫೋನ್ ಜೇಬಿಗೆ ಹಾಕಿ, ಸಮವಸ್ತ್ರದ ಆರ್ಡರ್ ಚೀಟಿ ತೆಗೆದರು. ದೊರೆ ಕೈ ಚಾಚಿದ. ಅವರು ಅದನ್ನ ತಂಗಿ ಕೈಗೆ ಕೊಟ್ಟು ಹೊರಟರು.

ಅವರು ಮೆಟ್ಟಿಲು ಇಳಿಯೋಕೂ ಮುಂಚೆ ಇವನು ಸಹಾಯಕಿಗೆ ಮೆಸೇಜ್ ಕುಟ್ಟುತ್ತಿದ್ದ. ನಾನು ಹಿಂದಿನಿಂದ ಇಣುಕಿ ನೋಡಿದೆ. ‘ನನ್ನ ಹೆಂಡತಿ ಮಾಡಿದ ಎಡವಟ್ಟನ್ನ ನಾನೇ ಮಾತಾಡಿ ಸರಿ ಮಾಡಿದೆ’ ಅಂತ ಇತ್ತು.