ಅವ್ವನ ಕ್ಯಾಸೆಟ್ ಸಾಫಾದದ್ದು

ಎಂಬತ್ತರ ದಶಕದ ಬೆಳಗಾವಿಯಲ್ಲಿ ಯಾರೂ ಧ್ವನಿಮುದ್ರಣ ಮಾಡಿಸುತ್ತಿರಲಿಲ್ಲ, ಕ್ಯಾಸೆಟ್ 'ತುಂಬಿಸುತ್ತಿದ್ದರು'. ಹಿಟ್ಟಿನ ಡಬ್ಬಿ ತುಂಬಿಸಿದಷ್ಟೇ ಸಹಜವಾಗಿ. ಕನ್ನಡ ಮಾಸ್ತರನೆಂಬ ಹಮ್ಮಿನಲ್ಲಿ ನಾನೊಮ್ಮೆ 'ಧ್ವನಿಮುದ್ರಿಕೆಯ ಪ್ರತಿ ಬೇಕು' ಎಂದದ್ದಕ್ಕೆ, ಉದ್ಯಮಬಾಗದ ರಸ್ತೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ರಫೀಕ ಸಜ್ಜನಿಕೆಯಿಂದಲೇ ಎದುರಿನ ಛಾಪಾಖಾನೆಯತ್ತ ಕೈ ತೋರಿಸಿದ್ದ. ನನ್ನ ಪಾಂಡಿತ್ಯಕ್ಕೆ ಸಂದ ಗೌರವ ಅಷ್ಟೇ ಅನ್ನಿ.

ಆ ಅಂಗಡಿಯ ಪರಿಭಾಷೆಯನ್ನು ಆಮೇಲೆ ನಾನೂ ಕಲಿತೆ. ಮೂಲ ಕ್ಯಾಸೆಟ್ಟೆಂದರೆ ಮಾಸ್ಟರ್. ಹಾಡಿಲ್ಲದ ಜಾಗ ಬ್ಲ್ಯಾಂಕ್. ಹಾಡಲ್ಲದ ಸದ್ದೇನಿದ್ದರೂ ಡಿಸ್ಟರ್ಬನ್ಸ್. ಈ ಕೊನೆಯ ಶಬ್ದವನ್ನು ಅವನು ಆಡುವಾಗಲೆಲ್ಲ ನಾನು ತಲೆದೂಗಿದ್ದುಂಟು; ಅದು ನಮ್ಮ ಮನೆಯ ಬಾಗಿಲಿಗೇ ಬಂದೀತೆಂದು ಯಾರಿಗೆ ಗೊತ್ತಿತ್ತು?

ಖಾನಾಪುರದಾಚೆ ಬೀಡಿ ಎಂಬ ಊರಲ್ಲಿ ನನ್ನ ಅಕ್ಕ ಶಾಂತವ್ವನ ಮನೆ. ಅವ್ವನ ಕೊನೆಯ ವರ್ಷಗಳು ಅಲ್ಲೇ ಕಳೆದವು. ಒಮ್ಮೆ ನಾನು ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ, ಅವ್ವ ಬೀಸುಕಲ್ಲಿನ ಮುಂದೆ ಕೂತು ಹಾಡಿದ ಪದಗಳನ್ನು ತುಂಬಿಸಿಕೊಂಡಿದ್ದೆ. ಹಾಡು ಹಾಡಿನ ನಡುವೆ ಕೆಮ್ಮು, ಕಲ್ಲಿನ ಗರಗರ, ಇದ್ದಕ್ಕಿದ್ದಂತೆ ಅವ್ವನದೇ ಒಂದು ಕೂಗು: "ಶಾಂತವ್ವಾ, ಹಾಲು ಉಕ್ಕತೈತಿ ನೋಡವಾ!" ಅವ್ವ ಹೋದ ಮೇಲೆ ಅಕ್ಕ ಆ ಕ್ಯಾಸೆಟ್ ಹಾಕಿಕೊಂಡು ಕೂರುತ್ತಿದ್ದಳು. ಆ ಕೂಗು ಬಂದೊಡನೆ "ಬಂದ್ನಿ ಯವ್ವಾ" ಎನ್ನುತ್ತ ಅರ್ಧ ಎದ್ದು, ತನ್ನಷ್ಟಕ್ಕೆ ನಕ್ಕು, ಮತ್ತೆ ಕೂರುವಳು. ಹಾಡಿಗಿಂತ ಆ ಕೂಗಿಗಾಗಿಯೇ ಅವಳು ಕೇಳುತ್ತಿದ್ದುದು.

ಕೇಳಿ ಕೇಳಿ ಟೇಪು ಸವೆಯಿತು. "ಅವ್ವ ದೂರ ಹೋದಂಗ ಕೇಳಸ್ತಾಳೋ, ಏನರ ಮಾಡೋ ತಮ್ಮಾ" ಎಂದು ಅಕ್ಕ ನನ್ನ ಕೈಗೆ ಕ್ಯಾಸೆಟ್ ಕೊಟ್ಟಳು. ನಾನದನ್ನು ರಫೀಕನಿಗೆ ಕೊಟ್ಟೆ, ಹೊಸದರಲ್ಲಿ ತುಂಬಿಸಿಕೊಡೆಂದು.

ಮರಳಿ ಹೋದಾಗ ಅವನ ಮುಖದಲ್ಲಿ ಹೆಮ್ಮೆ. "ಬರ್ರಿ ಸರ್, ಕುಂದರ್ರಿ. ನಿಮ್ಮ ಮಾಸ್ಟರ್‌ನ್ಯಾಗ ಡಿಸ್ಟರ್ಬನ್ಸ್ ಭಾಳ ಇತ್ರೀ. ಕೆಮ್ಮು, ಮಾತು ಎಲ್ಲಾ ತಗದು ಸಾಫ್ ಮಾಡೇನಿ. ಕಡೀಕ ಜಾಗಾ ಉಳದಿತ್ತು, ಖಾಲಿ ಯಾಕ ಕೊಡೂದಂತ ಒಂದು ಸಿನಿಮಾ ಹಾಡು ಹಾಕೇನ್ರಿ."

"ಹಳೇದು ಎಲ್ಲೈತಪಾ?" ಎಂದೆ.

"ಅದನ್ನೂ ಖಾಲಿ ಮಾಡಿ ಇಟ್ಟೇನ್ರಿ. ಮತ್ತ ಬ್ಯಾರೆ ತುಂಬಸಾಕ ಬರ್ತೈತಲ್ಲ."

ಹಳೆಯದನ್ನು ಅಳಿಸಿ ಕೊಡುವುದು ಆ ಅಂಗಡಿಯ ವಾಡಿಕೆ, ಗಿರಾಕಿಗೆ ಮಾಡುವ ಉಪಕಾರ. ಬಯ್ಯೋಣವೆಂದರೆ ಆ ಪುಣ್ಯಾತ್ಮ ಮಾಡಿದ್ದೆಲ್ಲ ಪ್ರೀತಿಯಿಂದಲೇ. ಬೀಡಿಯ ಬಸ್ಸಿನಲ್ಲಿ ಕ್ಯಾಸೆಟ್ಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವನಿಗೆ ಜಗತ್ತಿನ ಸಕಲ ಪರಿಭಾಷೆಯ ಮೇಲೂ ಹೇಸಿಕೆ ಹುಟ್ಟಿತು. ಓದುಗ ಮಹಾಶಯರೇ, ನಾವು ಸತ್ತ ಮೇಲೆ ನಮ್ಮವರು ಹುಡುಕುವುದು ನಮ್ಮ ಕೆಮ್ಮನ್ನು, ಕೂಗನ್ನು. ಅವಕ್ಕೆ ಆ ಅಂಗಡಿಯಲ್ಲಿದ್ದದ್ದು ಡಿಸ್ಟರ್ಬನ್ಸ್ ಎಂಬ ಒಂದೇ ಹೆಸರು. ಖಾನಾಪುರ ಬಂದಾಗ, ಇಳಿದು ವಾಪಸಾಗಿಬಿಡಲೇ ಅನ್ನಿಸಿತು. ಇಳಿಯಲಿಲ್ಲ.

ಅಕ್ಕ ಕೈತೊಳೆದು ಬಂದು ಟೇಪಿನ ಮುಂದೆ ಕೂತಳು. ಮೊದಲ ಪದ ಕೇಳಿ "ಅಯ್ಯ, ಎಷ್ಟ ಚಂದ ಬಂದೈತಿ!" ಎಂದಳು. ಪದ ಮುಗಿಯಿತು. ಅಕ್ಕ ನೆಲಕ್ಕೆ ಕೈಯೂರಿ ಅರ್ಧ ಎದ್ದಳು. ಮರುಕ್ಷಣವೇ ಎರಡನೆಯ ಪದ ಶುರುವಾಯಿತು.

ಹಾಗೆ ಅರ್ಧ ಎದ್ದವಳೇ ನನ್ನನ್ನು ನೋಡಿದಳು. "ಇದು ಹಾಡಾತು. ಅವ್ವ ಎಲ್ಲದಾಳೋ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅಕ್ಕ ಅಳಲಿಲ್ಲ, ನನ್ನನ್ನು ಬಯ್ಯಲೂ ಇಲ್ಲ, ಗೋಡೆಗೊರಗಿ ಕೂತಳು. ಪದಗಳು ಒಂದರ ಹಿಂದೊಂದು, ಉಸಿರಿಗೂ ಬಿಡುವಿಲ್ಲದೆ ಮುಗಿದವು. ಆಮೇಲೆ ಯಾವನೋ ಗಂಡಸು ಉಲ್ಲಾಸದಿಂದ ಪ್ರೇಮಗೀತೆ ಹಾಡತೊಡಗಿದ. ಗುಂಡಿ ಒತ್ತಿ ಅವನನ್ನು ನಿಲ್ಲಿಸಲು ನಮ್ಮಿಬ್ಬರಿಗೂ ಏಳಲಾಗಲಿಲ್ಲ.